ಇಂಗ್ಲಿಷ್ ಗುಣವಾಚಕಗಳಿಗೆ ಯಾವ ನಿಘಂಟು? ಐದನ್ನು ಬಳಸಿ ನೋಡಿದ ಹೋಲಿಕೆ

ಕನ್ನಡದಿಂದ ಇಂಗ್ಲಿಷಿಗೆ ಅನುವಾದಿಸುವಾಗ ನನ್ನನ್ನು ನಾಮಪದ, ಕ್ರಿಯಾಪದಗಳಿಗಿಂತ ಹೆಚ್ಚಾಗಿ ಕಾಡಿದ್ದು ಗುಣವಾಚಕಗಳು. ಒಂದು ಹಳೆಯ ದೇವಾಲಯವನ್ನು ಕುರಿತ ಲೇಖನದಲ್ಲಿದ್ದ ‘ಐತಿಹಾಸಿಕ ದಾಖಲೆಗಳು’ ಎಂಬುದನ್ನು ನಾನು ‘ಹಿಸ್ಟಾರಿಕ್ ಡಾಕ್ಯುಮೆಂಟ್ಸ್’ ಎಂದು ಬರೆದು ಕಳುಹಿಸಿದ್ದೆ. ಸಂಪಾದಕರು ಅದನ್ನು ‘ಹಿಸ್ಟಾರಿಕಲ್’ ಎಂದು ತಿದ್ದಿ, ಈ ದಾಖಲೆಗಳು ಚರಿತ್ರೆಯ ದಿಕ್ಕನ್ನೇನಾದರೂ ಬದಲಿಸಿದವೇ ಎಂದು ಅಂಚಿನಲ್ಲಿ ಕೇಳಿದ್ದರು. ಬದಲಿಸಿರಲಿಲ್ಲ, ಅವು ದೇವರ ನೈವೇದ್ಯಕ್ಕೆ ಬಿಟ್ಟ ಭತ್ತದ ಲೆಕ್ಕಗಳು. ಚರಿತ್ರೆಗೆ ಸಂಬಂಧಿಸಿದ್ದಕ್ಕೂ ಚರಿತ್ರೆಯಲ್ಲಿ ಮಹತ್ವದ್ದೆನಿಸಿದ್ದಕ್ಕೂ ಕನ್ನಡದಲ್ಲಿ ‘ಐತಿಹಾಸಿಕ’ ಒಂದೇ ಪದ ಸಾಕಾಗುತ್ತದೆ, ಇಂಗ್ಲಿಷಿನಲ್ಲಿ ಎರಡು ಬೇಕು. ಅಂದಿನಿಂದ ತೊಡಕೆನಿಸಿದ ಗುಣವಾಚಕಗಳನ್ನು ಒಂದು ನೋಟುಪುಸ್ತಕದಲ್ಲಿ ಬರೆದಿಡುತ್ತ ಬಂದೆ. ಪಟ್ಟಿ 40 ಪದಗಳಷ್ಟಾದಾಗ ಪ್ರತಿಯೊಂದು ಪದವನ್ನೂ ಐದು ಆಕರಗಳಲ್ಲಿ ಹುಡುಕಿ ನೋಡಿದೆ: ಒಂದು ಇಂಗ್ಲಿಷ್–ಕನ್ನಡ ನಿಘಂಟು, ಆಕ್ಸ್‌ಫರ್ಡ್ ಅಡ್ವಾನ್ಸ್ಡ್ ಲರ್ನರ್ಸ್ ನಿಘಂಟು, ಕಾಲಿನ್ಸ್ ಕೊಬಿಲ್ಡ್, ರೊಜೆಯ ಥಿಸಾರಸ್ ಎಂಬ ಸಮಾನಪದಕೋಶ, ಮತ್ತು ನಿಜ ಬಳಕೆಯ ಇಂಗ್ಲಿಷನ್ನು ಕೂಡಿಟ್ಟ, ಅಂತರಜಾಲದಲ್ಲಿ ಸಿಗುವ ಕಾರ್ಪಸ್‌ಗಳು.

ಇಂಗ್ಲಿಷ್–ಕನ್ನಡ ನಿಘಂಟಿನಿಂದಲೇ ತೊಡಗುತ್ತೇನೆ, ಏಕೆಂದರೆ ನಮ್ಮಲ್ಲಿ ಬಹುತೇಕರ ಕೈ ಮೊದಲು ಹೋಗುವುದು ಅದರ ಕಡೆಗೇ. ಓದುವವನಿಗೆ ಅದು ಒಳ್ಳೆಯ ಸಂಗಾತಿ: ಪರಿಚಯವಿಲ್ಲದ ಪದ ಎದುರಾದಾಗ ನಾಲ್ಕು ಸಮಾನಪದಗಳನ್ನು ಮುಂದಿಡುತ್ತದೆ, ಸಂದರ್ಭವನ್ನು ನೋಡಿಕೊಂಡು ಒಂದನ್ನು ಆರಿಸಿಕೊಳ್ಳುತ್ತೇವೆ. ಬರೆಯುವವನಿಗೆ ಮಾತ್ರ ಆ ನಾಲ್ಕು ಪದಗಳೇ ತೊಡಕು. ‘ಸ್ಟೇಲ್’ ಎಂಬ ಪದದ ಎದುರು ನನ್ನ ನಿಘಂಟು ಹಳಸಿದ, ತಂಗಳು ಎಂಬ ಪದಗಳನ್ನು ಒಟ್ಟಿಗೆ ಕೊಡುತ್ತದೆ. ಇವೆರಡೂ ಒಂದೇ ಅಲ್ಲವೆಂದು ನಮ್ಮ ಯಾವ ಅಡುಗೆಮನೆಯಲ್ಲಿ ಕೇಳಿದರೂ ಹೇಳುತ್ತಾರೆ. ರಾತ್ರಿ ಉಳಿದ ತಂಗಳನ್ನಕ್ಕೆ ಬೆಳಿಗ್ಗೆ ಮಜ್ಜಿಗೆ ಬೆರೆಸಿ ಉಣ್ಣಬಹುದು, ಹಳಸಿದ ಅನ್ನವನ್ನು ಹೊರಗೆ ಚೆಲ್ಲಬೇಕು. ಇಂಗ್ಲಿಷಿನ ‘ಸ್ಟೇಲ್ ಬ್ರೆಡ್’ ಇವೆರಡರಲ್ಲಿ ಯಾವುದೂ ಅಲ್ಲ. ಅದು ಒಣಗಿ ಗಟ್ಟಿಯಾದ ಬ್ರೆಡ್ಡು, ಕೆಟ್ಟಿರಬೇಕೆಂದೇನೂ ಇಲ್ಲ. ಕೆಟ್ಟ ಆಹಾರಕ್ಕೆ ಕನ್ನಡದಲ್ಲಿ ಒಂದೊಂದು ಪದಾರ್ಥಕ್ಕೂ ಒಂದೊಂದು ಮಾತಿದೆ: ಬೆಣ್ಣೆ ಕಮಟು, ಹಾಲು ಒಡೆದದ್ದು, ಹಣ್ಣು ಕೊಳೆತದ್ದು, ಅನ್ನ ಹಳಸಿದ್ದು. ಇಂಗ್ಲಿಷಿನಲ್ಲೂ ಹಾಗೆಯೇ ಬೆಣ್ಣೆ ‘ರ‍್ಯಾನ್ಸಿಡ್’, ಹಾಲು ‘ಸವರ್’, ಮೊಟ್ಟೆ ‘ರಾಟನ್’. ಯಾವುದಕ್ಕೆ ಯಾವುದು ಎಂಬ ಜೋಡಿ ಎರಡೂ ಭಾಷೆಗಳಲ್ಲಿ ಬಿಗಿಯಾಗಿಯೇ ಇದೆ. ಆದರೆ ನನ್ನ ದ್ವಿಭಾಷಾ ನಿಘಂಟು ಪದಕ್ಕೆ ಪದವನ್ನು ಕೊಡುವುದೇ ಹೊರತು ಆ ಪದ ಯಾವ ಪದಾರ್ಥದ ಜೊತೆಗಾರನೆಂದು ತಿಳಿಸುವುದಿಲ್ಲ.

ಆಕ್ಸ್‌ಫರ್ಡಿನ ಕಲಿಯುವವರ ನಿಘಂಟಿಗೆ ಬಂದಾಗ ಬೇರೆಯದೇ ಒಂದು ಕೊರತೆ ತುಂಬಿತು. ಅದರ ಮೂಲ ರೂಪವನ್ನು ಎ. ಎಸ್. ಹಾರ್ನ್‌ಬಿ ಸಿದ್ಧಪಡಿಸಿದ್ದು ಜಪಾನಿನಲ್ಲಿ ಇಂಗ್ಲಿಷ್ ಕಲಿಸುತ್ತಿದ್ದಾಗ. 1942ರಲ್ಲಿ ಟೋಕಿಯೊದಲ್ಲಿ ಪ್ರಕಟವಾದ ಆ ಕೃತಿ 1948ರಲ್ಲಿ ಆಕ್ಸ್‌ಫರ್ಡ್ ಮುದ್ರಣಾಲಯದ ಮೂಲಕ ಮತ್ತೆ ಹೊರಬಂತು. ಇಂಗ್ಲಿಷ್ ಮನೆಮಾತಲ್ಲದವರನ್ನು ಮನಸ್ಸಿನಲ್ಲಿಟ್ಟುಕೊಂಡು ಮಾಡಿದ್ದೆಂಬುದು ಗುಣವಾಚಕಗಳ ಮುಂದಿರುವ ಪುಟ್ಟ ಸೂಚನೆಗಳಲ್ಲಿ ಎದ್ದು ಕಾಣುತ್ತದೆ: ಈ ಅರ್ಥದಲ್ಲಿ ನಾಮಪದಕ್ಕಿಂತ ಮೊದಲು ಮಾತ್ರ ಬರುತ್ತದೆ, ಈ ಅರ್ಥದಲ್ಲಿ ಹಾಗೆ ಬರುವುದಿಲ್ಲ ಎಂದು ಆಯತಾಕಾರದ ಕಂಸದಲ್ಲಿ ಹೇಳಿರುತ್ತಾರೆ. ‘ಪ್ರೆಸೆಂಟ್’ ಎಂಬ ಪದವನ್ನು ನೋಡಿ. ‘ದಿ ಪ್ರೆಸೆಂಟ್ ಮೆಂಬರ್ಸ್’ ಎಂದರೆ ಈಗಿನ ಸದಸ್ಯರು, ‘ದಿ ಮೆಂಬರ್ಸ್ ಪ್ರೆಸೆಂಟ್’ ಎಂದರೆ ಸಭೆಗೆ ಹಾಜರಿದ್ದ ಸದಸ್ಯರು. ಸಹಕಾರ ಸಂಘವೊಂದರ ನಡಾವಳಿಯನ್ನು ಅನುವಾದಿಸುವಾಗ ಇವೆರಡನ್ನು ಅದಲುಬದಲು ಮಾಡಿದರೆ ಕೋರಂ ಲೆಕ್ಕವೇ ತಪ್ಪಿಹೋಗುತ್ತದೆ. ಕನ್ನಡದಲ್ಲಿ ಗುಣವಾಚಕ ಕೂರುವ ಜಾಗ ಬದಲಾಗುವುದಿಲ್ಲ, ಪದವನ್ನೇ ಬದಲಿಸುತ್ತೇವೆ. ಇಂಗ್ಲಿಷಿನಲ್ಲಿ ಪದ ಅದೇ ಇದ್ದು, ಕೂತ ಜಾಗದಿಂದ ಅರ್ಥ ಬೇರೆಯಾಗುತ್ತದೆ. ‘ಲೇಟ್’ ಕೂಡ ಇದೇ ಜಾತಿಯದು. ನಮ್ಮ ಮದುವೆಯ ಕರೆಯೋಲೆಗಳಲ್ಲಿ ತೀರಿಕೊಂಡ ಹಿರಿಯರ ಹೆಸರಿಗಿಂತ ಮೊದಲು ನಿಲ್ಲುವ ಆ ಪದವನ್ನು ಹೆಸರಿನ ನಂತರಕ್ಕೆ ಸರಿಸಿ ವಾಕ್ಯ ಮಾಡಿದರೆ, ಆ ಹಿರಿಯರು ಮದುವೆಗೆ ತಡವಾಗಿ ಬಂದರೆಂದಾಗುತ್ತದೆ. ನನ್ನ ಪಟ್ಟಿಯ ‘ಇಲ್’, ‘ಕನ್ಸರ್ನ್ಡ್’, ‘ಇನ್ವಾಲ್ವ್ಡ್’, ‘ರೆಸ್ಪಾನ್ಸಿಬಲ್’ ಈ ನಾಲ್ಕಕ್ಕೂ ಆಕ್ಸ್‌ಫರ್ಡಿನಲ್ಲೇ ಬಗೆಹರಿಯುವ ಉತ್ತರ ಸಿಕ್ಕಿತು.

ಕೊಬಿಲ್ಡ್ ಮೊದಲು ಹೊರಬಂದದ್ದು 1987ರಲ್ಲಿ, ಬರ್ಮಿಂಗ್‌ಹ್ಯಾಮ್ ವಿಶ್ವವಿದ್ಯಾನಿಲಯದಲ್ಲಿ ಜಾನ್ ಸಿಂಕ್ಲೇರ್ ನೇತೃತ್ವದಲ್ಲಿ ನಡೆದ ಕೆಲಸದ ಫಲವಾಗಿ. ಅದರ ವೈಶಿಷ್ಟ್ಯವೆಂದರೆ ಅರ್ಥವನ್ನು ಸಮಾನಪದದಿಂದಲ್ಲದೆ ಇಡೀ ವಾಕ್ಯದಿಂದ ಹೇಳುವುದು. ಒಬ್ಬರನ್ನು ನೀವು ಹೀಗೆ ಬಣ್ಣಿಸಿದರೆ ಅವರ ಬಗ್ಗೆ ನಿಮಗೆ ಇಂಥ ಭಾವನೆಯಿದೆ ಎಂಬ ಧಾಟಿಯಲ್ಲಿ ಅಲ್ಲಿಯ ವಿವರಣೆಗಳು ಸಾಗುತ್ತವೆ. ಪುಸ್ತಕ ದಪ್ಪವಾಗುತ್ತದೆ, ಹುಡುಕಿದ್ದು ಸಿಗಲು ಸ್ವಲ್ಪ ಹೆಚ್ಚು ಹೊತ್ತು ಬೇಕಾಗುತ್ತದೆ. ಆದರೂ ಆಡುವವನ ಮೆಚ್ಚುಗೆ ಅಥವಾ ತಾತ್ಸಾರ ತುಂಬಿಕೊಂಡಿರುವ ಪದಗಳಿಗೆ ನಾನು ಈಗ ಮೊದಲು ತೆರೆಯುವುದು ಇದನ್ನೇ. ‘ಸ್ಲಿಮ್’ ಮೆಚ್ಚಿ ಆಡುವ ಮಾತು, ‘ಸ್ಕಿನ್ನಿ’ ಮೂಗು ಮುರಿದು ಆಡುವ ಮಾತು ಎಂಬುದು ಅಲ್ಲಿ ವಿವರಣೆಯ ಒಳಗೇ ಬಂದುಬಿಡುತ್ತದೆ. ಕನ್ನಡದ ‘ತೆಳ್ಳಗಿನ’ ಮತ್ತು ‘ಸಣಕಲು’ ಪದಗಳ ನಡುವೆ ಹೆಚ್ಚುಕಡಿಮೆ ಇದೇ ಅಂತರವಿದೆ.

ಥಿಸಾರಸ್ ಬಗ್ಗೆ ಹೆಚ್ಚು ಹೇಳುವುದಿಲ್ಲ. 1852ರಲ್ಲಿ ಮೊದಲು ಪ್ರಕಟವಾದ ರೊಜೆಯ ಕೃತಿ ಪದಗಳನ್ನು ಅಕಾರಾದಿಯಾಗಿ ಜೋಡಿಸದೆ ಭಾವಗಳ ಗುಂಪುಗಳಾಗಿ ಜೋಡಿಸಿದ್ದು, ಗೊತ್ತಿರುವ ಪದ ಸಮಯಕ್ಕೆ ನೆನಪಾಗದವರಿಗೆ ಅದು ವರವೇ ಸರಿ. ಗೊತ್ತಿಲ್ಲದ ಪದವನ್ನು ಅಲ್ಲಿಂದ ಎತ್ತಿಕೊಂಡು ಬಂದು ನಾನು ಒಂದು ಕಥೆಯ ತೆಳ್ಳಗಿನ ಮದುಮಗಳನ್ನು ‘ಸ್ಕಿನ್ನಿ’ ಮಾಡಿದ್ದೆ. ನಿರೂಪಕನಿಗೆ ಆಕೆಯ ಮೇಲೇನು ಸಿಟ್ಟು ಎಂದು ಮೊದಲು ಓದಿದ ಗೆಳತಿ ಕೇಳಿದಳು.

ಕಾರ್ಪಸ್ ಎಂದರೆ ನಿಜವಾಗಿ ಬರೆದ, ಆಡಿದ ಇಂಗ್ಲಿಷಿನ ಬೃಹತ್ ಸಂಗ್ರಹ. ಬ್ರಿಟಿಷ್ ನ್ಯಾಷನಲ್ ಕಾರ್ಪಸ್‌ನಲ್ಲಿ 10 ಕೋಟಿ ಪದಗಳಿವೆ, ಕೋಕಾ ಎಂದು ಕರೆಯುವ ಅಮೆರಿಕನ್ ಸಂಗ್ರಹದಲ್ಲಿ 100 ಕೋಟಿಗೂ ಹೆಚ್ಚು. ಇಲ್ಲಿ ಅರ್ಥ ಬರೆದಿರುವುದಿಲ್ಲ, ಪದದ ನೆರೆಹೊರೆ ಮಾತ್ರ ಕಾಣುತ್ತದೆ. ಕನ್ನಡದಲ್ಲಿ ಮಳೆಯೂ ಜೋರು, ಗಾಳಿಯೂ ಜೋರು. ಇಂಗ್ಲಿಷಿನಲ್ಲಿ ಮಳೆ ‘ಹೆವಿ’, ಗಾಳಿ ‘ಸ್ಟ್ರಾಂಗ್’ ಎಂಬುದನ್ನು ಎರಡು ಹುಡುಕಾಟಗಳಲ್ಲಿ ಖಚಿತಪಡಿಸಿಕೊಂಡೆ. ಅದಕ್ಕಿಂತ ದೊಡ್ಡ ಪ್ರಯೋಜನ, ಊರೂರಿಗೆ ಬದಲಾಗುವ ಅರ್ಥವನ್ನು ಅಕ್ಕಪಕ್ಕ ಇಟ್ಟು ನೋಡಬಹುದಾದದ್ದು. ನಮ್ಮ ವಧೂವರ ಜಾಹೀರಾತುಗಳಲ್ಲಿ ‘ಹೋಮ್ಲಿ’ ಎಂದರೆ ಮನೆಗೆ ಒಗ್ಗುವ ಸೌಮ್ಯ ಹುಡುಗಿ. ಬ್ರಿಟನ್ನಿನಲ್ಲಿ ಮನೆಯಂತೆ ಹಿತವಾದ, ಆಡಂಬರವಿಲ್ಲದ ಜಾಗ. ಅಮೆರಿಕದಲ್ಲಿ ನೋಡಲು ಚೆನ್ನಾಗಿಲ್ಲದ ಮುಖ. ಭಾರತವೂ ಸೇರಿದಂತೆ 20 ದೇಶಗಳ ಜಾಲತಾಣಗಳ ಬರಹವನ್ನು ದೇಶವಾರು ವಿಂಗಡಿಸಿರುವ ‘ಗ್ಲೋಬಲ್ ವೆಬ್ ಬೇಸ್ಡ್ ಇಂಗ್ಲಿಷ್’ ಸಂಗ್ರಹದಲ್ಲಿ ಇಂಥ ಪದಗಳನ್ನು ದೇಶದಿಂದ ದೇಶಕ್ಕೆ ಬೆನ್ನಟ್ಟಬಹುದು. ಆಸ್ಪತ್ರೆಯಲ್ಲಿರುವ ತಂದೆಯ ಬಗ್ಗೆ ‘ಅಪ್ಪ ಸೀರಿಯಸ್’ ಎನ್ನುವ ನಮ್ಮ ಮಾತನ್ನು ಹಾಗೆಯೇ ಇಂಗ್ಲಿಷಿಗಿಳಿಸಿದರೆ, ಹೊರದೇಶದ ಓದುಗ ಆ ತಂದೆಯನ್ನು ನಗಲೊಲ್ಲದ ಗಂಭೀರ ಸ್ವಭಾವದವರೆಂದು ತಿಳಿದಾನು. ಕಾರ್ಪಸ್‌ನ ಕೊರತೆಯೂ ಇಲ್ಲೇ ಇದೆ: ಏನನ್ನು ಕೇಳಬೇಕೆಂದು ಮೊದಲೇ ಅನುಮಾನ ಹುಟ್ಟಿರದಿದ್ದರೆ ಅದು ತಾನಾಗಿ ಎಚ್ಚರಿಸುವುದಿಲ್ಲ.

ಹೀಗೆ ನೋಡಿದ ಮೇಲೆ, ಒಂದನ್ನೇ ಕೊಳ್ಳಬಲ್ಲ ವಿದ್ಯಾರ್ಥಿಗೆ ನಾನು ಆಕ್ಸ್‌ಫರ್ಡನ್ನೇ ಹೇಳುತ್ತೇನೆ, ಏಕೆಂದರೆ ಕನ್ನಡಿಗರು ಹೆಚ್ಚಾಗಿ ಎಡವುವುದು ಪದದ ಸ್ಥಾನದಲ್ಲಿ, ಅದನ್ನು ಅದು ಕೇಳದೆಯೇ ತಿಳಿಸುತ್ತದೆ. ಕಥೆ, ಕಾದಂಬರಿ ಅನುವಾದಿಸುವವರಿಗೆ ಕೊಬಿಲ್ಡ್ ಮೇಲು. ಇಂಗ್ಲಿಷ್–ಕನ್ನಡ ನಿಘಂಟನ್ನು ನಾನು ಈಗ ಇಂಗ್ಲಿಷಿನಿಂದ ಕನ್ನಡಕ್ಕೆ ಬರುವಾಗ ಮಾತ್ರ ತೆರೆಯುತ್ತೇನೆ.

ನೋಟುಪುಸ್ತಕದಲ್ಲಿ ಕೊನೆಯವರೆಗೂ ಗೆರೆ ಎಳೆಯದೆ ಉಳಿದದ್ದು ‘ಹಳಸಿದ ಅನ್ನ’. ‘ಸ್ಟೇಲ್’ ಎಂದರೆ ಒಣಗಿದ್ದು ಎನಿಸುತ್ತದೆ, ‘ಸವರ್’ ಎಂದರೆ ಮೊಸರನ್ನ ನೆನಪಾಗುತ್ತದೆ, ‘ರಾಟನ್’ ಎಂದರೆ ಮಾತು ಅತಿಯಾಗುತ್ತದೆ. ಐದು ಆಕರಗಳನ್ನೂ ತಿರುವಿ ಹಾಕಿದ ಮೇಲೆ, ‘ಹಳಸಿದ’ ಎಂಬುದು ‘ಹಳಸು’ ಎಂಬ ಕ್ರಿಯಾಪದದಿಂದಲೇ ಹುಟ್ಟಿದ್ದಲ್ಲವೇ ಎಂದು ಹೊಳೆದು, ಗುಣವಾಚಕವನ್ನೇ ಕೈಬಿಟ್ಟು ‘ದಿ ರೈಸ್ ಹ್ಯಾಡ್ ಗಾನ್ ಆಫ್’ ಎಂದು ಬರೆದು ಕಳುಹಿಸಿದೆ. ಈ ಸಲ ಸಂಪಾದಕರು ಅಂಚಿನಲ್ಲಿ ಏನನ್ನೂ ಬರೆಯಲಿಲ್ಲ.