ಅಂಬಾಸಡರ್ ಸ್ಪೀಡೋಮೀಟರ್ ಮುಳ್ಳು ಕುಣಿದರೆ: ರೆಡಿ ಕೇಬಲ್ಲಾ, ಬರೀ ತಂತಿಯಾ, ಜಿಪಿಎಸ್ಸಾ?

ಹಳೇ ಅಂಬಾಸಡರ್‌ನಲ್ಲಿ ಸ್ಪೀಡೋಮೀಟರ್ ಮುಳ್ಳು ಕುಣಿಯುತ್ತಿದ್ದರೆ ಮೊದಲೇ ಮೀಟರ್ ಬಿಚ್ಚಿಸಬೇಡಿ. ಕೊಳವೆ, ತಂತಿ ಎರಡೂ ಸೇರಿ ಸಿಗುವ ರೆಡಿ ಕೇಬಲ್ ತರಲೂ ಓಡಬೇಡಿ. ಕೇಬಲ್‌ನ ಹೊರಗಿನ ಕೊಳವೆ ಗಟ್ಟಿಯಿದ್ದರೆ ಅದನ್ನು ಉಳಿಸಿಕೊಂಡು, ಗೇರ್‌ಬಾಕ್ಸ್‌ನ ತಿರುಗಾಟವನ್ನು ಮೀಟರ್‌ಗೆ ಮುಟ್ಟಿಸುವ ಒಳಗಿನ ತಂತಿ ಮಾತ್ರ ಬದಲಿಸಿ. ರೆಡಿ ಕೇಬಲ್, ಬರೀ ತಂತಿ, ಜಿಪಿಎಸ್ ಮೀಟರ್ ಈ ಮೂರು ದಾರಿಯನ್ನೂ ನಮ್ಮ ಗಾಡಿಯಲ್ಲೇ ನೋಡಿದ ಮೇಲೆ ನನಗೆ ಉಳಿದ ಅಭಿಪ್ರಾಯ ಇದು.

ತೊಂದರೆ ಎಲ್ಲಿದೆ ಅಂತ ತಿಳಿಯುವುದು ಕಷ್ಟವಲ್ಲ. ಕಿಲೋಮೀಟರ್ ಅಂಕಿ ಉರುಳುತ್ತಿದ್ದು ಮುಳ್ಳು ಮಾತ್ರ ಸತ್ತಿದ್ದರೆ ಮೀಟರ್ ಒಳಗೇ ಏನೋ ಆಗಿದೆ. ಎರಡೂ ನಿಂತಿದ್ದರೆ ಕೇಬಲ್ ತುಂಡಾಗಿರಬೇಕು, ಇಲ್ಲಾ ಗೇರ್‌ಬಾಕ್ಸ್ ಕಡೆಯ ಹಲ್ಲು ಸವೆದಿರಬೇಕು. ಅಂಕಿ ಸರಿಯಾಗಿ ಓಡುತ್ತಾ ಮುಳ್ಳು ಮಾತ್ರ ಕುಣಿದರೆ ಮೊದಲ ಅನುಮಾನ ಕೇಬಲ್ ಮೇಲೆ. ಮೀಟರ್ ಒಳಗೆ ತಂತಿ ತಿರುಗಿಸುವುದು ಒಂದು ಅಯಸ್ಕಾಂತವನ್ನು. ಅದು ಮುಟ್ಟದೆಯೇ ಪಕ್ಕದ ಅಲ್ಯೂಮಿನಿಯಂ ಬಟ್ಟಲನ್ನು ತನ್ನ ಜೊತೆ ಎಳೆಯುತ್ತದೆ. ಕೂದಲೆಳೆಯಂಥ ಸ್ಪ್ರಿಂಗ್ ಆ ಬಟ್ಟಲನ್ನು ಹಿಂದಕ್ಕೆ ಹಿಡಿಯುತ್ತದೆ. ಮುಳ್ಳು ಇರುವುದು ಬಟ್ಟಲಿನ ಮೇಲೆ. ಹಾಗಾಗಿ ತಂತಿ ಎಲ್ಲಾದರೂ ತಡೆದು ತಡೆದು ತಿರುಗಿದರೆ ಅದು ನೇರ ಮುಳ್ಳಿಗೇ ಬರುತ್ತದೆ.

ಈಗ ರೆಡಿ ಕೇಬಲ್ ಕಥೆ. ಬೆಂಗಳೂರಿನ ಜೆ.ಸಿ. ರಸ್ತೆಯ ಒಂದು ಅಂಗಡಿಯಲ್ಲಿ ಕೊಂಡೆ. "ಎಲ್ರೂ ಇದನ್ನೇ ಹಾಕೋದು ಸಾರ್" ಅಂದರು ಅಂಗಡಿಯವರು. ಎರಡೂ ಕಡೆ ನಟ್ ಸರಿಯಾಗಿಯೇ ಕೂತಿತು. ಆದರೆ ಉದ್ದ ಒಂದು ಗೇಣು ಜಾಸ್ತಿ. ಗೇಣು ತಾನೇ ಅನ್ನಿಸಬಹುದು. ಡ್ಯಾಶ್‌ಬೋರ್ಡ್ ಹಿಂದೆ ಅಷ್ಟು ಉದ್ದ ಅಡಗಿಸಲು ಜಾಗ ಎಲ್ಲಿದೆ? ಮೀಟರ್ ಬೆನ್ನಿಗೇ ಅದು ಗಟ್ಟಿಯಾಗಿ ಬಾಗಿ ನಿಂತಿತು. ಅಂಥ ಬಾಗಿನಲ್ಲಿ ತಂತಿ ಕೊಳವೆಯ ಗೋಡೆಗೆ ಕಚ್ಚಿಕೊಂಡು ಬಿಗಿಯುತ್ತದೆ, ಆಮೇಲೆ ಫಟ್ಟಂತ ಬಿಡುತ್ತದೆ. ನಿಧಾನ ಹೋಗುವಾಗ ಮುಳ್ಳು 20ರಿಂದ 40ಕ್ಕೆ ಜಿಗಿಯುತ್ತಿತ್ತು, ಜೊತೆಗೆ ಕಿರ್ ಕಿರ್ ಸದ್ದು.

ಕೇಬಲ್‌ನ ಬಾಗು ಎಲ್ಲೂ 6 ಇಂಚು ತ್ರಿಜ್ಯಕ್ಕಿಂತ ಬಿಗಿ ಇರಬಾರದು. ಮೀಟರ್‌ನಿಂದ ಹೊರಟ ಮೊದಲ 2 ಇಂಚು ನೆಟ್ಟಗಿರಬೇಕು. ಆ ಕೇಬಲ್‌ನಲ್ಲಿ ಇವೆರಡೂ ಆಗಲಿಲ್ಲ. ಇಂಜಿನ್ ಕಡೆಗೆ ಎಳೆದರೆ ಸೈಲೆನ್ಸರ್ ಪೈಪಿನ ಬಿಸಿ ಹತ್ತಿರ, ಒಳಗೆ ಎಳೆದರೆ ಕಾಲಿಗೆ ಅಡ್ಡ. ಕ್ಲಿಪ್ ಹಾಕಿ ನೋಡಿದೆವು, ಬೇರೆ ತೂತಿನಿಂದ ತೂರಿಸಿ ನೋಡಿದೆವು. ಕುಣಿತ ಕಡಿಮೆಯಾಯಿತು, ಹೋಗಲಿಲ್ಲ. ಇನ್ನೊಂದು ತಲೆನೋವು ಅಂದರೆ ಗ್ರೀಸ್. ಅದರೊಳಗೆ ತುದಿಯವರೆಗೂ ಗ್ರೀಸ್ ತುಂಬಿತ್ತು. ತಂತಿ ಸುರುಳಿ ಸುತ್ತಿದ್ದು ಅಲ್ವಾ, ತಿರುಗುತ್ತಾ ತಿರುಗುತ್ತಾ ಆ ಗ್ರೀಸನ್ನು ಮೇಲಕ್ಕೆ ತಳ್ಳುತ್ತದೆ. ಅದು ಮೀಟರ್ ಒಳಗೆ ಹೋಗಿ ಬಟ್ಟಲಿಗೆ ಅಂಟಿದರೆ ಚೆನ್ನಾಗಿರುವ ಮೀಟರೂ ಕೆಡುತ್ತದೆ. ಕೇಬಲ್ ಬಿಚ್ಚಿ ತೆಗೆದಿಟ್ಟೆ.

ಹಳೇ ಕೇಬಲ್‌ಗೆ ವಾಪಸ್ ಬಂದೆವು. ಮೀಟರ್ ಕಡೆಯ ನಟ್ ಬಿಚ್ಚಿ ತಂತಿ ಎಳೆದರೆ ಹೊರಗೆ ಬಂತು. ಒಣಗಿ ಕಪ್ಪಾದ ಜಿಡ್ಡನ್ನು ಸೀಮೆಎಣ್ಣೆಯಲ್ಲಿ ತೊಳೆದು ಗಾಜಿನ ಮೇಲೆ ಉರುಳಿಸಿದೆ. ನೆಟ್ಟಗಿರುವ ತಂತಿ ಸುಮ್ನೆ ಉರುಳುತ್ತದೆ. ಇದು ಒಂದು ಕಡೆ ಎದ್ದು ಎದ್ದು ಬೀಳುತ್ತಿತ್ತು. ಸೊಟ್ಟಗಾಗಿದ್ದು ಅಲ್ಲೇ. ಮೀಟರ್ ರಿಪೇರಿ ಮಾಡುವವರ ಹತ್ತಿರ ಅದೇ ದಪ್ಪದ ತಂತಿ ಕೊಂಡು, ಹಳೆಯದರ ಅಳತೆಗೆ ಕತ್ತರಿಸಿ ತುದಿ ಚೌಕ ಮಾಡಿಸಿದೆ. ಉದ್ದ ಸ್ವಲ್ಪ ಹೆಚ್ಚಾದರೂ ಅದು ಮೀಟರನ್ನು ಒಳಗಿಂದ ಒತ್ತುತ್ತದೆ, ಹಾಗಾಗಿ ಅಳತೆಯಲ್ಲಿ ಅವಸರ ಬೇಡ. ತೆಳ್ಳಗೆ ಗ್ರೀಸ್ ಸವರಿ ತೂರಿಸಿ, ಮತ್ತೆ 8 ಇಂಚು ಹೊರಗೆಳೆದು ಆ ಭಾಗ ಒರೆಸಿ ಒಳಗೆ ಬಿಡಬೇಕು. ಮೀಟರ್ ಕಡೆಯ ತುದಿ ಒಣಗಿರಲಿ. ಈಗ ಮುಳ್ಳು 60ರಲ್ಲಿ ನಿಲ್ಲಿಸಿದರೆ 60ರಲ್ಲೇ ನಿಲ್ಲುತ್ತದೆ. ನೋಡುವುದೇ ಒಂದು ಸಂತೋಷ!

ಇನ್ನು ಉಪಗ್ರಹದ ಸಿಗ್ನಲ್ ಹಿಡಿದು ಓಡುವ ಜಿಪಿಎಸ್ ಮೀಟರ್. ವೇಗ ಚೆನ್ನಾಗಿ ತೋರಿಸುತ್ತದೆ. ಆದರೆ ಅಂಡರ್‌ಪಾಸ್‌ನಲ್ಲಿ ತಡವರಿಸುತ್ತದೆ, ಗಾಡಿಯ ಸ್ವಂತ ಕಿಲೋಮೀಟರ್ ಅಂಕಿಯನ್ನು ಓಡಿಸುವುದಿಲ್ಲ. ನಾನು ಆಯಿಲ್ ಬದಲಿಸುವುದು ಆ ಅಂಕಿ ನೋಡಿಯೇ. ಅಂಬಾಸಡರ್ ಮುಖದ ಮೇಲೆ ನೀಲಿ ಅಂಕಿ ಮಿನುಗುವುದು ನನಗಂತೂ ಒಗ್ಗಲಿಲ್ಲ.

ಮೀಟರನ್ನೇ ರಿಪೇರಿಗೆ ಕೊಡುವುದು ಕೊನೆಯ ದಾರಿ. ಮುಳ್ಳು ಕೀಳುವಾಗ ಸ್ಪ್ರಿಂಗ್ ಸೊಟ್ಟಗಾದರೆ ಮತ್ತೆ ಹೊಂದಿಸುವುದು ನುರಿತವರಿಗೂ ಕಷ್ಟ.

ದಿನಾ ಹೆದ್ದಾರಿಯಲ್ಲಿ ಓಡಿಸುವವರು, ಕೊಳವೆಯೇ ಒಡೆದಿರುವವರು ಪೂರ್ತಿ ಹೊಸ ಕೇಬಲ್ ಹಾಕಲೇಬೇಕಾಗಬಹುದು. ಹಾಗಿದ್ದರೆ ಹಳೆಯದನ್ನು ಅಂಗಡಿಗೇ ಒಯ್ದು ಪಕ್ಕದಲ್ಲಿಟ್ಟು ಉದ್ದ ನೋಡಿ ಕೊಳ್ಳಿ. ನಾನು ಗಾಡಿ ತೆಗೆಯುವುದು ಭಾನುವಾರ ಬೆಳಿಗ್ಗೆ, ಊರ ಸುತ್ತಮುತ್ತ. ಅದಕ್ಕೆ ರೆಡಿ ಕೇಬಲ್‌ಗಿಂತ ಕಡಿಮೆ ದುಡ್ಡಿಗೆ ಸಿಗುವ ತಂತಿಯೇ ಸಾಕು. ಟೈರ್ ಅಳತೆ ಬದಲಾದರೆ ವೇಗ ತಾಳೆ ನೋಡಲು ಫೋನ್ ಇದ್ದೇ ಇದೆ.