ಬ್ರಿಟನ್ನಿನ ಬೋರ್ಡಿಂಗ್ ಶಾಲೆ: ದುಡ್ಡು ಕಟ್ಟುವ ಮೊದಲು ಭಾನುವಾರದ ಲೆಕ್ಕ ಕೇಳಿ

ಬ್ರಿಟನ್ನಿನ ಖಾಸಗಿ ಬೋರ್ಡಿಂಗ್ ಶಾಲೆಗಳ ಹತ್ತು ಪ್ರಾಸ್ಪೆಕ್ಟಸ್ ತಿರುವಿ ಹಾಕಿ, ಹತ್ತರಲ್ಲೂ ಅದೇ ಕಲ್ಲಿನ ಗೋಪುರ, ಅದೇ ಹಸಿರು ಮೈದಾನ. ಒಂದರಿಂದ ಇನ್ನೊಂದನ್ನು ಬೇರ್ಪಡಿಸುವ ಪ್ರಶ್ನೆ ಇದು: ಕಳೆದ ಭಾನುವಾರ ಮಧ್ಯಾಹ್ನ ನಮ್ಮ ಮಗು ಇರಬೇಕಾದ ವಸತಿ ಕಟ್ಟಡ, ಅಂದರೆ ಹೌಸ್‌ನಲ್ಲಿ ಎಷ್ಟು ಮಕ್ಕಳಿದ್ದರು? ‘ಫುಲ್ ಬೋರ್ಡಿಂಗ್’ (ವಾರಾಂತ್ಯವೂ ಶಾಲೆಯಲ್ಲೇ ವಾಸ) ಅಂತ ಹೇಳಿಕೊಳ್ಳುವ ಎಷ್ಟೋ ಕಡೆ ಶನಿವಾರದ ಮ್ಯಾಚು ಮುಗಿದದ್ದೇ ತಡ, ಅಲ್ಲಿನ ಮಕ್ಕಳು ಕಾರು ಹತ್ತಿ ಮನೆಗೆ ಹೊರಡುತ್ತಾರೆ. ಉಳಿಯುವವರು ಹೊರದೇಶದ ಮಕ್ಕಳು, ಒಬ್ಬ ಡ್ಯೂಟಿ ಮೇಷ್ಟ್ರು, ಒಂದು ಟೀವಿ. 60 ಮಕ್ಕಳ ಹೌಸ್‌ನಲ್ಲಿ 45 ಜನ ಉಳಿದಿದ್ದರೆ ಅದು ನಿಜವಾದ ಬೋರ್ಡಿಂಗ್ ಶಾಲೆ. ಹನ್ನೆರಡೇ ಅಂದರೆ ಡೇ ಸ್ಕೂಲಿಗೆ ಹಾಸಿಗೆ ಹಾಕಿದ್ದಾರೆ ಅಷ್ಟೆ. ಉತ್ತರದಲ್ಲಿ ಅಂಕಿ ಬಾರದೆ ‘ತುಂಬಾ ಚಟುವಟಿಕೆ ಇರುತ್ತೆ’ ಅಂತ ಬಂದರೆ ಪಟ್ಟಿಯಿಂದ ಹೆಸರು ಹೊಡೆದುಹಾಕಿ.

ಆಮೇಲೆ ತಪಾಸಣಾ ವರದಿ. ಇಂಗ್ಲೆಂಡಿನ ದೊಡ್ಡ ಖಾಸಗಿ ಶಾಲೆಗಳನ್ನು ಹೆಚ್ಚಾಗಿ ನೋಡುವುದು ಐಎಸ್‌ಐ (ಇಂಡಿಪೆಂಡೆಂಟ್ ಸ್ಕೂಲ್ಸ್ ಇನ್‌ಸ್ಪೆಕ್ಟರೇಟ್) ಎಂಬ ಸಂಸ್ಥೆ, ವರದಿ ಅದರ ಜಾಲತಾಣದಲ್ಲಿ ಪುಕ್ಕಟೆ ಸಿಗುತ್ತದೆ. 2023ರ ಸೆಪ್ಟೆಂಬರಿನಿಂದ ಈ ವರದಿಗಳಲ್ಲಿ ‘ಎಕ್ಸಲೆಂಟ್’ ಥರದ ದರ್ಜೆ ಇಲ್ಲ, ಮಾನದಂಡ ಪಾಲಿಸಿದ್ದಾರೋ ಇಲ್ಲವೋ ಅಂತ ಮುಖ್ಯವಾಗಿ ಬರೆಯುತ್ತಾರೆ. ಶಾಲೆ ಇನ್ನೂ ಆ ಪದವನ್ನು ಜಾಹೀರಾತಿನಲ್ಲಿ ಮೆರೆಸುತ್ತಿದೆ ಅಂದರೆ ತೋರಿಸುತ್ತಿರುವುದು ಹಳೇ ವರದಿ. ಸುರಕ್ಷತೆ ಮತ್ತು ವಸತಿಯ ಭಾಗವನ್ನು ಮೊದಲು ಓದಿ, ರಿಸಲ್ಟು ಆಮೇಲೆ.

ಫೀಸು ಕೇಳಿದರೆ ಎದೆ ಝಲ್ಲೆನ್ನುತ್ತದೆ. 2025ರ ಜನವರಿ 1ರಿಂದ ಶೇ 20 ವ್ಯಾಟ್ ಸೇರಿದೆ. ಈಟನ್‌ನಂಥ ಹೆಸರಾಂತ ಶಾಲೆಯಲ್ಲಿ ವರ್ಷಕ್ಕೆ 60,000 ಪೌಂಡ್ ದಾಟುತ್ತದೆ. ಹೇಳಿದ ಮೊತ್ತದಲ್ಲಿ ವ್ಯಾಟ್ ಇದೆಯೋ ಇಲ್ಲವೋ ಬರವಣಿಗೆಯಲ್ಲಿ ತರಿಸಿಕೊಳ್ಳಿ. ಹೆಚ್ಚುವರಿ ಇಂಗ್ಲಿಷ್ ಪಾಠ, ಸಂಗೀತ, ಪರೀಕ್ಷಾ ಶುಲ್ಕ ಸಾಮಾನ್ಯವಾಗಿ ಬೇರೆ ಬಿಲ್ಲು. ಹೊರದೇಶದವರಿಂದ ಒಂದು ಟರ್ಮಿನ (ವರ್ಷಕ್ಕೆ ಮೂರು ಟರ್ಮ್) ಫೀಸನ್ನೇ ಡಿಪಾಸಿಟ್ ಕೇಳುವುದುಂಟು. ಜನ ಹೆಚ್ಚು ಕಳೆದುಕೊಳ್ಳುವುದು ನೋಟಿಸ್ ಷರತ್ತಿನಲ್ಲಿ: ಶಾಲೆ ಬಿಡಿಸಬೇಕಾದರೆ ಪೂರ್ತಿ ಒಂದು ಟರ್ಮ್ ಮೊದಲೇ ಹೇಳಬೇಕು. ಜುಲೈನಲ್ಲಿ ಬಿಡಿಸುವುದಾದರೆ ಏಪ್ರಿಲಿನಲ್ಲಿ ಬೇಸಿಗೆ ಟರ್ಮ್ ಶುರುವಾಗುವ ಮೊದಲೇ ಪತ್ರ ತಲುಪಿರಬೇಕು. ಮೇ ತಿಂಗಳಲ್ಲಿ ಹೇಳಿದರೆ ಓದದ ಟರ್ಮಿಗೂ ದುಡ್ಡು ಕಟ್ಟಬೇಕಾಗುತ್ತದೆ.

ಸೇರಿಸಲು ಒಳ್ಳೆಯ ವಯಸ್ಸು 13 ಅಥವಾ 16, ಅಂದರೆ ಅಲ್ಲಿನ ತರಗತಿ ಲೆಕ್ಕದಲ್ಲಿ 9ನೇ ಇಲ್ಲವೇ 12ನೇ ವರ್ಷ. ಜಿಸಿಎಸ್‌ಇ (ನಮ್ಮ ಎಸ್ಸೆಸ್ಸೆಲ್ಸಿ ಥರದ ಪರೀಕ್ಷೆ) ಪಠ್ಯ 10 ಮತ್ತು 11ನೇ ವರ್ಷಗಳಲ್ಲಿ ಹರಡಿರುವುದರಿಂದ 11ನೇ ವರ್ಷಕ್ಕೆ ಸೇರಿಸಿದರೆ ಮಗು ಅರ್ಧ ಪಾಠ ತಪ್ಪಿಸಿಕೊಂಡೇ ಪರೀಕ್ಷೆಗೆ ಕೂರುತ್ತದೆ. ಅರ್ಜಿಗೆ ಒಂದೂವರೆ ವರ್ಷ ಮುಂಚಿತವಾಗಿ ಓಡಾಡಿ. ಈಟನ್‌ಗಾದರೆ ಮಗುವಿಗೆ ಒಂಬತ್ತು ಹತ್ತು ವರ್ಷ ಇರುವಾಗಲೇ ಹೆಸರು ನೋಂದಾಯಿಸಬೇಕು.

ವೀಸಾ ವಿಷಯದಲ್ಲಿ ಕ್ರಮ ಮುಖ್ಯ. 4ರಿಂದ 17 ವರ್ಷದವರಿಗೆ ಚೈಲ್ಡ್ ಸ್ಟೂಡೆಂಟ್ ವೀಸಾ. ಶಾಲೆಯಿಂದ ಸಿಎಎಸ್ (ಪ್ರವೇಶ ಖಾತ್ರಿಪಡಿಸುವ) ಸಂಖ್ಯೆ, ಮಾನ್ಯತೆ ಪಡೆದ ಕೇಂದ್ರದಲ್ಲಿ ಟಿ.ಬಿ. ಪರೀಕ್ಷೆ, ತಂದೆ ತಾಯಿಯ ಒಪ್ಪಿಗೆ ಪತ್ರ ಬೇಕು. ವರ್ಷಕ್ಕೆ 776 ಪೌಂಡ್ ಆರೋಗ್ಯ ಶುಲ್ಕ ಬೇರೆ. ಒಂದು ವರ್ಷದ ಫೀಸು ಮತ್ತು ವಸತಿಯ ದುಡ್ಡು ಖಾತೆಯಲ್ಲಿ ಸತತ 28 ದಿನ ಇರಬೇಕು. ನಡುವೆ ಒಂದು ದಿನ ಬ್ಯಾಲೆನ್ಸ್ ಕೆಳಗಿಳಿದರೂ ಅರ್ಜಿ ತಿರಸ್ಕಾರವಾಗಬಹುದು, ಆದ್ದರಿಂದ ಆ ತಿಂಗಳು ಆ ಖಾತೆಯಿಂದ ಇಎಂಐ ಹೋಗದಂತೆ ನೋಡಿಕೊಳ್ಳಿ. ನಮ್ಮವರಿಗೆ ಇನ್ನೊಂದು ತೊಡಕು ಇನಿಷಿಯಲ್‌ನದು: ಜನನ ಪತ್ರದಲ್ಲಿ ‘ಕೆ.ಎನ್.’, ಪಾಸ್‌ಪೋರ್ಟಿನಲ್ಲಿ ಅದರ ಪೂರ್ಣ ರೂಪ. ಇದನ್ನು ಆರು ತಿಂಗಳು ಮೊದಲೇ ಸರಿಪಡಿಸಿ.

ಅಕ್ಟೋಬರ್, ಫೆಬ್ರವರಿ, ಮೇ ತಿಂಗಳ ಹಾಫ್ ಟರ್ಮ್ ರಜೆಯಲ್ಲಿ ಹೆಚ್ಚಿನ ಹೌಸ್‌ಗಳಿಗೆ ಬೀಗ. ಅದಕ್ಕೇ ಅಲ್ಲಿ ನೆಲೆಸಿದ ಗಾರ್ಡಿಯನ್ ಇರಲೇಬೇಕೆಂದು ಹೆಚ್ಚಿನ ಶಾಲೆಗಳು ಹೇಳುತ್ತವೆ. ಬಹಳಷ್ಟು ಶಾಲೆಗಳು 25 ದಾಟಿದವರನ್ನೇ ಕೇಳುತ್ತವೆ, ಯೂನಿವರ್ಸಿಟಿಯಲ್ಲಿ ಓದುವ ಅಣ್ಣನನ್ನು ಒಪ್ಪುವುದಿಲ್ಲ. ಚಿಕ್ಕಪ್ಪ ಇದ್ದರೆ ಸಂತೋಷ, ಆದರೆ ಜ್ವರ ಬಂದು ರಾತ್ರಿ ಹನ್ನೊಂದಕ್ಕೆ ಶಾಲೆಯಿಂದ ಫೋನು ಬಂದಾಗ ಹೊರಡುವಷ್ಟು ಹತ್ತಿರ ಅವರಿದ್ದಾರೆಯೇ? ಗಾರ್ಡಿಯನ್ ಸಂಸ್ಥೆಯ ಮೊರೆ ಹೋಗುವುದಾದರೆ, ಅಂಥ ಸಂಸ್ಥೆಗಳನ್ನು ಪರಿಶೀಲಿಸುವ ಏಜಿಸ್ ಎಂಬ ಸಂಘದ ಮಾನ್ಯತೆ ಇದೆಯೇ ನೋಡಿ.

ಊಟದ ಬಗ್ಗೆ ಒಂದು ಮಾತು. ‘ವೆಜ್ ಆಪ್ಷನ್ ಇದೆ’ ಅನ್ನುವುದನ್ನು ನಂಬಿ ಕೂರಬೇಡಿ, ಫೆಬ್ರವರಿಯ ಒಂದು ವಾರದ ಮೆನು ತರಿಸಿಕೊಳ್ಳಿ. ಐದು ದಿನ ಪಾಸ್ತಾ, ಸಿಪ್ಪೆ ಸಮೇತ ಬೇಯಿಸಿದ ಆಲೂಗಡ್ಡೆಯೇ ಇದ್ದರೆ ಮಗು ಮೊಸರನ್ನಕ್ಕೆ ಹಂಬಲಿಸುವುದು ಖಚಿತ. ಚಟ್ನಿಪುಡಿ ಕೊಟ್ಟು ಕಳಿಸಬಹುದು. ತುಪ್ಪ ಬೇಡ, ಭಾರತದಿಂದ ಹಾಲಿನ ಪದಾರ್ಥ ಒಯ್ಯಲು ಅಲ್ಲಿನ ಕಸ್ಟಮ್ಸ್ ಬಿಡುವುದಿಲ್ಲ.

ಏಜೆಂಟರು ತಾವಾಗಿ ಹೇಳದ ವಿಷಯ ಎರಡಿವೆ, ಅವರಿಗೆ ಶಾಲೆಯಿಂದ ಕಮಿಷನ್ ಬರುವುದು ಬಿಟ್ಟು. ಓದಲೆಂದೇ ಅಲ್ಲಿದ್ದ ವರ್ಷಗಳು ಲೆಕ್ಕಕ್ಕೆ ಬಾರದ ಕಾರಣ, ಐದು ವರ್ಷ ಬೋರ್ಡಿಂಗ್‌ನಲ್ಲಿ ಕಳೆದರೂ ಮಗು ಇಂಗ್ಲೆಂಡಿನ ವಿಶ್ವವಿದ್ಯಾಲಯದಲ್ಲಿ ಕಟ್ಟುವುದು ವಿದೇಶಿಯರ ಫೀಸನ್ನೇ. ಇತ್ತ ಕರ್ನಾಟಕದ ಸಿಇಟಿ ಸೀಟಿಗೆ ಮುಖ್ಯ ನಿಯಮ ಇಲ್ಲಿ ಕನಿಷ್ಠ 7 ವರ್ಷ ಓದಿ, ಎಸ್ಸೆಸ್ಸೆಲ್ಸಿ ಅಥವಾ ದ್ವಿತೀಯ ಪಿಯುಸಿ ಇಲ್ಲೇ ಪಾಸಾಗಿರಬೇಕು ಅನ್ನುತ್ತದೆ. ಎಂಟನೇ ಕ್ಲಾಸಿಗೇ ಹೊರಟ ಮಗುವಿಗೆ ಆ ಬಾಗಿಲು ಮುಚ್ಚುತ್ತದೆ. ಹತ್ತು ಮುಗಿಸಿ 16ಕ್ಕೆ ಹೋಗುವ ಮಗುವಿಗೆ ತೆರೆದೇ ಇರುತ್ತದೆ. ಆದರೆ ಅದು ನಮ್ಮ ಪಿಯುಸಿಗೆ ಸಮನಾದ ಎ ಲೆವೆಲ್‌ನಲ್ಲಿ ಫಿಸಿಕ್ಸ್, ಕೆಮಿಸ್ಟ್ರಿ ಬಿಟ್ಟು ಬೇರೆ ವಿಷಯ ಆರಿಸಿಕೊಂಡರೆ ಇಲ್ಲಿ ಎಂಜಿನಿಯರಿಂಗೂ ಇಲ್ಲ, ಮೆಡಿಕಲ್ಲೂ ಇಲ್ಲ.