ಹಂಚಿನ ಮನೆಯಲ್ಲಿ ನೂಲು, ನೀರು, ಪ್ಲೈವುಡ್

ಧಾರವಾಡದ ಹಳೆಯ ಹಂಚಿನ ಮನೆಯೊಂದು ಈಗ ಕಲಾ ಗ್ಯಾಲರಿಯಾಗಿದ್ದು, ಅಲ್ಲಿ ಮೂವರು ಕಲಾವಿದರ ಪ್ರತಿಷ್ಠಾಪನಾ ಕಲೆಯ, ಅಂದರೆ ಒಂದು ಜಾಗಕ್ಕೆಂದೇ ಆ ಜಾಗದಲ್ಲೇ ಕಟ್ಟುವ ಕೃತಿಗಳ (ಇನ್‌ಸ್ಟಲೇಷನ್) ಪ್ರದರ್ಶನ ನಡೆದಿದೆ. ಗದಗಿನ ವಿಜಯ ಕಲಾಮಂದಿರ, ಧಾರವಾಡದ ಹಾಲಭಾವಿ ಕಲಾಶಾಲೆಗಳ ಪರಂಪರೆಯನ್ನು ಕಂಡ ನಮ್ಮ ಭಾಗದವರಿಗೆ ಕಲಾಪ್ರದರ್ಶನವೆಂದರೆ ಹೆಚ್ಚಾಗಿ ಚೌಕಟ್ಟಿನೊಳಗಿನ ಚಿತ್ರ. ಗೋಡೆ ಅದನ್ನು ಹೊರುವ ಆಳು ಮಾತ್ರ. ಇಲ್ಲಿ ಗೋಡೆ, ನೆಲ, ಕಂಬಗಳನ್ನೂ ಕೃತಿಯೊಳಗೆ ಸೇರಿಸಿಕೊಳ್ಳಲು ಹೊರಟಿದ್ದಾರೆ. ಮೂರರಲ್ಲಿ ಎರಡು ಕೃತಿಗಳಲ್ಲಿ ಅದು ಕೈಗೂಡಿದೆ.

ಪಡಸಾಲೆಯ ನಾಲ್ಕು ಕಂಬಗಳ ನಡುವೆ ಕಲಾವಿದೆಯೊಬ್ಬರು ಖಾದಿ ನೂಲನ್ನು ಎದೆಮಟ್ಟದಿಂದ ತಲೆಮಟ್ಟದವರೆಗೆ ಎಳೆಎಳೆಯಾಗಿ ಬಿಗಿದಿದ್ದಾರೆ. ಕಂಬಗಳಲ್ಲೊಂದು ಅಂಗಳದ ಕಡೆಗೆ ಕೊಂಚ ವಾಲಿದೆ. ಬರಿಗಣ್ಣಿಗೆ ಥಟ್ಟನೆ ತಿಳಿಯದ ಆ ವಾಲು, ಮೇಲಿನ ಎಳೆ ಉದ್ದವಾಗಿ ಕೆಳಗಿನದು ಗಿಡ್ಡವಾಗಿರುವುದರಿಂದ, ತೂಗುಗುಂಡು ಇಳಿಬಿಟ್ಟು ನೋಡಿದಷ್ಟು ಸ್ಪಷ್ಟವಾಗುತ್ತದೆ. ಒಳಗೆ ಹೋಗಬೇಕಾದರೆ ನೂಲಿನ ಕೆಳಗೆ ನುಸುಳಬೇಕು. "ಬಗ್ಗಿ ಬರ್ರಿ ಸರ, ಎಳಿ ಹರೀತಾವು" ಎಂದು ಬಾಗಿಲಲ್ಲಿದ್ದ ಹುಡುಗಿ ಎಚ್ಚರಿಸಿದಳು. ಹಾಗೆ ಬಗ್ಗಿದಾಗಲೇ ನನಗೆ ಶಹಾಬಾದ್ ಕಲ್ಲಿನ ನೆಲ, ಜನ ನಡೆದಾಡಿದ ಜಾಡಿನಲ್ಲಿ ಮಾತ್ರ ಸವೆದು ನುಣುಪಾಗಿರುವುದು ಕಂಡಿತು. ಕಲಾವಿದೆ ನೆಲವನ್ನು ಮುಟ್ಟಿಯೂ ಇಲ್ಲ. ನಮ್ಮ ಬೆನ್ನು ಬಗ್ಗಿಸಿ ಅದನ್ನು ತೋರಿಸಿದ್ದಾರೆ.

ಅಡುಗೆಮನೆಯ ಕೃತಿ ಇನ್ನೂ ಮಿತವಾದದ್ದು. ನೆಲದಲ್ಲಿ ಹುಗಿದಿರುವ ಒಳಕಲ್ಲಿನ ತುಂಬ ನೀರು ತುಂಬಿಸಿದ್ದಾರೆ, ಅಷ್ಟೇ. ಮಾಡಿನ ಬೆಳಕಿಂಡಿಯಿಂದ ಇಳಿದ ಬಿಸಿಲು ಆ ನೀರಿಗೆ ಬಿದ್ದು, ಹೊಗೆಗೆ ಕಪ್ಪಾದ ಗೋಡೆಯ ಮೇಲೆ ಅಲುಗಾಡುತ್ತದೆ. ಭದ್ರಾವತಿಯಲ್ಲಿ ಹುಟ್ಟಿದ ಕಲಾವಿದೆ ಶೀಲಾ ಗೌಡ ಅವರು ಕಲಾವಿದ ಕ್ರಿಸ್ಟೋಫ್ ಸ್ಟೋರ್ಜ್ ಅವರೊಡನೆ 2012ರಲ್ಲಿ, ಎರಡು ವರ್ಷಕ್ಕೊಮ್ಮೆ ನಡೆಯುವ ಕಲಾಮೇಳವಾದ ಕೊಚ್ಚಿ ಬಿನಾಲೆಯಲ್ಲಿ, ಬೆಂಗಳೂರಿನ ಮನೆಗಳಿಂದ ಹೊರಬಿದ್ದಿದ್ದ ಸುಮಾರು 170 ರುಬ್ಬುವ ಕಲ್ಲುಗಳನ್ನು ಪ್ರದರ್ಶನದ ಕಟ್ಟಡವಾದ ಆಸ್ಪಿನ್‌ವಾಲ್ ಹೌಸ್‌ಗೆ ತಂದಿರಿಸಿದ್ದರು. ಅಲ್ಲಿಯವು ಮನೆ ಕಳೆದುಕೊಂಡ ಕಲ್ಲುಗಳು. ಇಲ್ಲಿ ಕಲ್ಲು ಇದ್ದಲ್ಲೇ ಇದೆ, ಅದರ ಸುತ್ತಲಿನ ಸಂಸಾರ ಎದ್ದುಹೋಗಿದೆ. ಆ ಕೋಣೆಯಲ್ಲಿ ನಾನು ಅರ್ಧ ಗಂಟೆ ಕುಳಿತಿದ್ದೆ.

ನಿರಾಸೆಯಾದದ್ದು ಒಳಕೋಣೆಯಲ್ಲಿ. ಹುಬ್ಬಳ್ಳಿಯ ಗುಜರಿಯಿಂದ ತಂದ ಕಬ್ಬಿಣದ ಪಟ್ಟಿಗಳನ್ನು ಬೆಸೆದು ಮಾಡಿದ ಆ ಶಿಲ್ಪ ತನ್ನಷ್ಟಕ್ಕೆ ಕೆಟ್ಟದ್ದಲ್ಲ. ಆದರೆ ಅದನ್ನು ಪೀಠದ ಮೇಲೇರಿಸಿ, ಸುತ್ತಲಿನ ಮಣ್ಣಿನ ಗೋಡೆಗಳನ್ನು ಬಿಳಿ ಬಳಿದ ಪ್ಲೈವುಡ್‌ನಿಂದ ಮುಚ್ಚಿ, ಮೇಲಿನಿಂದ ಸ್ಪಾಟ್‌ಲೈಟ್ ಬಿಟ್ಟಿದ್ದಾರೆ. ಇದೇ ಶಿಲ್ಪವನ್ನು ನಾಳೆ ಯಾವ ಮಾಲ್‌ನಲ್ಲಿಟ್ಟರೂ ಇಷ್ಟೇ ಕಾಣುತ್ತದೆ. ಪ್ಲೈವುಡ್‌ನ ತಪ್ಪೇನೂ ಇಲ್ಲ: ಅಮೆರಿಕದ ಶಿಲ್ಪಿ ರಾಬರ್ಟ್ ಮಾರಿಸ್ 1964ರಲ್ಲಿ ನ್ಯೂಯಾರ್ಕಿನ ಗ್ರೀನ್ ಗ್ಯಾಲರಿಯಲ್ಲಿಟ್ಟದ್ದು ಬೂದು ಬಣ್ಣದ ಪ್ಲೈವುಡ್ ಆಕೃತಿಗಳನ್ನೇ. ಒಂದನ್ನು ಮೂಲೆಗೆ ಸೇರಿಸಿ, ಇನ್ನೊಂದನ್ನು ಚಾವಣಿಯಿಂದ ತೂಗುಬಿಟ್ಟು, ನೋಡುಗರು ಕೋಣೆಯ ಅಳತೆಯನ್ನು ಮೈಯಿಂದಲೇ ಅರಿಯುವಂತೆ ಮಾಡಿದ್ದರು. ಅಮೆರಿಕದವರೇ ಆದ ಕಲಾವಿದ ಮೈಕೆಲ್ ಆಶರ್ 1974ರಲ್ಲಿ ಲಾಸ್ ಏಂಜಲೀಸ್‌ನ ಕ್ಲೇರ್ ಕಾಪ್ಲಿ ಗ್ಯಾಲರಿಯಲ್ಲಿ ಪ್ರದರ್ಶನದ ಜಾಗಕ್ಕೂ ಕಚೇರಿಗೂ ನಡುವಿದ್ದ ಅಡ್ಡಗೋಡೆಯನ್ನೇ ತೆಗೆಸಿದರು. ಗ್ಯಾಲರಿಯ ನಿತ್ಯದ ವ್ಯವಹಾರವೇ ನೋಡುವ ವಸ್ತುವಾಯಿತು. ನಮ್ಮವರು ಇದ್ದ ಗೋಡೆಯನ್ನು ಮರೆಮಾಡಲು ಇನ್ನೊಂದು ಗೋಡೆ ಕಟ್ಟಿದ್ದಾರೆ. ಹಲಗೆಗಳ ಸಂದಿಯಲ್ಲಿ ಇಣುಕಿದಾಗ ಹಿಂದೆ ದೀಪದ ಮಾಡವೊಂದು ಕಂಡಿತು. ಶಿಲ್ಪಕ್ಕಿಂತ ಹೆಚ್ಚು ಹೊತ್ತು ನಾನು ಅದನ್ನೇ ನೋಡಿದೆನೆಂದು ಒಪ್ಪಿಕೊಳ್ಳಬೇಕು.

ಪ್ರವೇಶ ಉಚಿತ. ಕೃತಿಗಳ ವಿವರದ ಚೀಟಿಗಳು ಇಂಗ್ಲಿಷಿನಲ್ಲಿ ಮಾತ್ರ ಇರುವುದು ಧಾರವಾಡದಲ್ಲಿ ಒಪ್ಪತಕ್ಕದ್ದಲ್ಲ. ಬಾಗಿಲಿನ ಹುಡುಗಿಯನ್ನು ಕೇಳಿದರೆ ಆಕೆ ಚೀಟಿಗಿಂತ ಚೆನ್ನಾಗಿಯೇ ಹೇಳುತ್ತಾಳೆ. ಹೋಗುವುದಾದರೆ ಮಧ್ಯಾಹ್ನದೊಳಗೆ ಹೋಗಬೇಕು. ಬಿಸಿಲು ಬೆಳಕಿಂಡಿಯನ್ನು ದಾಟಿತೆಂದರೆ ಅಡುಗೆಮನೆಯಲ್ಲಿ ಉಳಿಯುವುದು ಒಳಕಲ್ಲು ಮತ್ತು ನೀರು ಮಾತ್ರ.